ಗವಿರಂಗಯ್ಯನವರ ಕೊನೆಯ ತಟ್ಟೆ

ಹೊರಗಿನಿಂದ ಬರುವವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಗವಿರಂಗಯ್ಯನವರ ಹಾಡಿನ ತಟ್ಟೆಗಳನ್ನು ಒಳ್ಳೆಯ ಸೆಟ್ಟಿನ ಮೇಲೆ ಹಾಕಿದರೆ ಮನುಷ್ಯ ಎದುರಿಗೇ ಕೂತು ಹಾಡಿದ ಹಾಗಿರುತ್ತದಲ್ಲ, ಅದು ಹೇಗೆ? ಹೀಗೆ ಕೇಳುವವರು ತಮ್ಮ ಕಿವಿಗಳನ್ನು ಮನೆ ಅಳಿಯನ ಹಾಗೆ ಸಾಕಿಕೊಂಡವರು. ಒಬ್ಬೊಬ್ಬರ ಮನೆಯಲ್ಲೂ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಕೆಂಪಗೆ ಕಾಯುವ ವಾಲ್ವುಗಳ ಆಂಪ್ಲಿಫೈಯರ್, ಹೆಬ್ಬೆರಳು ದಪ್ಪದ ವೈರುಗಳು ಇರುತ್ತವೆ. ನಾನು ಅವರಿಗೆ ಮೈಕನ್ನು ಬಾಯಿಂದ ಎಷ್ಟು ಗೇಣು ದೂರ ಇಡುತ್ತಿದ್ದೆ, ಮಣ್ಣಿನ ಗೋಡೆಯ ಕೋಣೆ ಯಾಕೆ ಒಳ್ಳೆಯದು ಎಂದೆಲ್ಲ ಹೇಳಿ, ಕಾಫಿ ಕುಡಿಸಿ ಕಳಿಸುತ್ತೇನೆ. ಅವರು ಬರೆದುಕೊಂಡು ಹೋಗುತ್ತಾರೆ. ನಾನು ಹೇಳುವುದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ನಿಜ ಹೇಳಹೊರಟರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ. ನನಗೂ ಅರವತ್ತು ದಾಟಿತು, ಈಗಲಾದರೂ ಹೇಳಿಬಿಡುತ್ತೇನೆ.

ನಮ್ಮ ಊರಿನಲ್ಲಿ ಧ್ವನಿ ಹಿಡಿಯುವ ಕೆಲಸ ಗೊತ್ತಿರುವವನು ನಾನೊಬ್ಬನೇ. ನಮ್ಮಲ್ಲಿ ಹಿಡಿದ ಧ್ವನಿ ಟೇಪಿನಲ್ಲೇ ಉಳಿಯುತ್ತದೆ, ಬಂದ ಜಾಗಕ್ಕೆ ವಾಪಸು ಹೋಗುವುದಿಲ್ಲ. ಟೇಪಿಗೆ ಹಾಡಿದ ಹಾಡನ್ನು ಹಾಡಿದವನು ಮತ್ತೆ ಹಾಡಲಾರ, ಬಾಯಿ ತೆರೆದರೆ ಬರೀ ಗಾಳಿ ಬರುತ್ತದೆ. ಟೇಪಿಗೆ ಸಿಕ್ಕ ತಂತಿ ಮೂಕವಾಗುತ್ತದೆ, ಹೊಸದು ಕಟ್ಟಬೇಕು. ಹಳೆಯದನ್ನು ನಮ್ಮ ಹೆಂಗಸರು ಬಟ್ಟೆ ಒಣಗಿಸಲು ಕಟ್ಟಿಕೊಳ್ಳುತ್ತಾರೆ. ಮಾತಾದರೆ ಆಡಿದ ಅಷ್ಟು ಮಾತು ಹೋಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಬೇರೆ ಊರುಗಳಲ್ಲಿ ಗಾದೆ. ನಮ್ಮಲ್ಲಿ ಅದನ್ನು ಪುರಸಭೆಯವರು ಬೋರ್ಡಿನ ಮೇಲೆ ಬರೆಸಿದ್ದಾರೆ.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ನಾನು ಟೇಪು ಹೊತ್ತುಕೊಂಡು ಒಂದು ಬೀದಿಗೆ ಹೊರಟೆ ಎಂದರೆ ತಳವಾರ ಮುಂಚೆಯೇ ಹೋಗಿ, "ಇವತ್ತು ಹಿಡೀತಾರೆ, ಇವತ್ತು ಹಿಡೀತಾರೆ" ಎಂದು ಸಾರುತ್ತಾನೆ. ಹೆಂಗಸರು ಬಳೆಯ ಮೇಲೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಹುಂಜವನ್ನು ಬಗಲಲ್ಲಿ ಇರುಕಿಕೊಂಡು ಆಚೆ ಬೀದಿಗೆ ಹೋಗುತ್ತಾರೆ. ಕೂಸುಗಳ ಬಾಯಿಗೆ ಬೆಲ್ಲದ ಉಂಡೆ ಇಡುತ್ತಾರೆ. ಆದರೂ ಒಮ್ಮೊಮ್ಮೆ ಎಡವಟ್ಟಾಗುತ್ತದೆ. ಸಾಣೆ ಹಿಡಿಯುವ ಮಸ್ತಾನನ ಚಕ್ರ ಹಾಗೆಯೇ ಸಿಕ್ಕಿಬಿದ್ದದ್ದು, ಈಗ ಅವನು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲವೆಂದು ಕೆಂಪು ಬಾವುಟ ಹಿಡಿದು ತಿರುಗುತ್ತಾನೆ. ಒಬ್ಬ ಹೆಂಗಸು ತಾನಾಗಿಯೇ ಬಂದು ಗಂಡನ ಗೊರಕೆ ಹಿಡಿಸಿಕೊಂಡು ಹೋದಳು. ಹದಿನೈದು ದಿನಕ್ಕೆ ತಿರುಗಿ ಬಂದು, "ಅಣ್ಣಾ, ಈಗ ನಂಗೆ ನಿದ್ದೆನೇ ಬರಕಿಲ್ಲ. ಉಸ್ರಾಡ್ತಾವ್ನೋ ಇಲ್ವೋ ಅಂತ ಗಳಿಗೆಗೊಂದು ಕಿತ ಎದೆ ಮುಟ್ಟಿ ನೋಡ್ಬೇಕು" ಎಂದು ಅತ್ತಳು. ಕೊಟ್ಟದ್ದನ್ನು ವಾಪಸು ಕೊಡುವ ವಿದ್ಯೆ ನನಗೆ ಗೊತ್ತಿಲ್ಲ.

ಇಂಥ ಊರಿನಲ್ಲಿ ಹಾಡುಗಾರರು ಹುಷಾರಾಗಿರದೆ ಇನ್ನೇನು ಮಾಡಿಯಾರು? ತಟ್ಟೆ ಬರಬೇಕು, ಹೆಸರಾಗಬೇಕು, ಆದರೆ ಹಾಡು ಪೂರ್ತಿ ಕೈಬಿಟ್ಟು ಹೋಗಬಾರದು. ಹಾಗಾಗಿ ಮೈಕಿನ ಮುಂದೆ ಎಲ್ಲರೂ ಸ್ವಲ್ಪ ಹಿಡಿದುಕೊಂಡೇ ಹಾಡುತ್ತಾರೆ. ತಮಗೆ ಬಲು ಇಷ್ಟವಾದ ತಿರುವನ್ನು ಬಿಟ್ಟುಬಿಡುತ್ತಾರೆ, ಒಂದು ಚರಣ ನುಂಗಿಕೊಳ್ಳುತ್ತಾರೆ, ಎದೆಯಿಂದ ಬರಬೇಕಾದ್ದನ್ನು ಗಂಟಲಿಂದ ಹಾಡುತ್ತಾರೆ. ನಾಳೆಯ ಹೆಪ್ಪಿಗೆ ಎಂದು ಒಂದು ಚಮಚ ಮೊಸರು ಉಳಿಸಿಕೊಂಡ ಹಾಗೆ. ಅದು ತಪ್ಪು ಎಂದು ನಾನು ಯಾವತ್ತೂ ಹೇಳಿಲ್ಲ.

ಗವಿರಂಗಯ್ಯನವರು ಹಾಗೆ ಮಾಡಲಿಲ್ಲ, ಅಷ್ಟೇ ವ್ಯತ್ಯಾಸ. ನೂಲಿಗೆ ಬಣ್ಣ ಅದ್ದುವ ಕೆಲಸದಲ್ಲಿದ್ದವರು ಅವರು, ಮೊಣಕೈವರೆಗೂ ನೀಲಿ. ಪದ ತಾವೇ ಕಟ್ಟಿ, ಧಾಟಿ ತಾವೇ ಹಾಕಿ, ಏಕತಾರಿ ಮೀಟುತ್ತ ಹಾಡುತ್ತಿದ್ದರು. ನಲವತ್ತು ವರ್ಷದಲ್ಲಿ ನಾನು ಅವರ ಹದಿನೆಂಟು ತಟ್ಟೆ ಮಾಡಿದೆ. ಒಂದೊಂದು ತಟ್ಟೆಯಾದಾಗಲೂ ಆರೆಂಟು ಹಾಡು ಅವರನ್ನು ಬಿಟ್ಟು ಹೋಗುತ್ತಿದ್ದವು. ಅವರು ಮತ್ತೆ ಬರಿಗೈಯಲ್ಲಿ ಕೂತು ಹೊಸದು ಕಟ್ಟುತ್ತಿದ್ದರು. ಸ್ವಲ್ಪ ಉಳಿಸಿಕೊಳ್ಳಿ ಯಜಮಾನ್ರೆ ಎಂದು ಮೊದಮೊದಲು ನಾನೇ ಹೇಳಿದ್ದುಂಟು.

"ಉಳಿಸ್ಕಂಡು ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?" ಎಂದು ಬೈದರು. "ಹಾಡೋದಾದ್ರೆ ಹಾಡ್ಬೇಕು ಕಣಯ್ಯ. ಇಲ್ದಿದ್ರೆ ತೆಪ್ಪಗೆ ಬಣ್ಣ ಅದ್ಕಂಡಿರ್ಬೇಕು."

ಕೋಣೆಯಿಂದ ಸಾಮಾನು ಎತ್ತಿಡಲೂ ಅವರು ಬಿಡುತ್ತಿರಲಿಲ್ಲ. ಮನೆಯ ನಡುಮನೆಯಲ್ಲೇ, ಇದ್ದದ್ದು ಇದ್ದ ಹಾಗೆ, ತಮ್ಮ ಮಣೆಯ ಮೇಲೆ ಕೂತು ಹಾಡುತ್ತಿದ್ದರು. ಹೀಗಾಗಿ ಅವರ ಹಾಡಿನ ಜೊತೆ ಆ ಮಣೆಯ ಕಿರುಗುಟ್ಟುವಿಕೆ ಒಂದು ತಟ್ಟೆಗೆ ಹೋಯಿತು, ಬಾಗಿಲ ಅಗುಳಿ ಇನ್ನೊಂದಕ್ಕೆ ಹೋಯಿತು, ಬಿಂದಿಗೆಗೆ ನೀರು ಬೀಳುವ ಸದ್ದು ಮತ್ತೊಂದಕ್ಕೆ. ಕೊನೆಕೊನೆಗೆ ಆ ಮನೆಯೊಳಗೆ ಹೆಜ್ಜೆ ಇಟ್ಟರೆ ಕಿವಿಗೆ ಹತ್ತಿ ಇಟ್ಟುಕೊಂಡ ಹಾಗಾಗುತ್ತಿತ್ತು. ಅವರ ಹೆಂಡತಿ ದೇವೀರಮ್ಮ ಇದನ್ನೆಲ್ಲ ನೋಡಿ ನಗುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರು ಖಡಾಖಂಡಿತ. "ಮನೆಯೆಲ್ಲ ಬಳ್ಕೊಂಡು ಹೋಗಪ್ಪ ಭೂಷಣ, ನನ್ ಬಳೆನೂ ತಗ. ನನ್ ಬಾಯ್ ಮಾತ್ರ ಮುಟ್ಬ್ಯಾಡ. ಮಾತಿಲ್ದೆ ಈ ಯಪ್ಪನ್ ಜೊತೆ ಬಾಳುವೆ ಮಾಡಕಾಯ್ತದಾ?" ಮುಟ್ಟುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ನಾನು ಹಿಡಿಯುವಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಿದ್ದರು.

ಆ ತಟ್ಟೆಗಳ ರುಚಿ ಮೊದಲು ಕಂಡುಕೊಂಡವರು ದಂತವೈದ್ಯ ಜಿನದತ್ತರು. ಅವರದು ಹಿಟ್ಟಿನ ಗಿರಣಿಯ ಮೇಲಿನ ಮಹಡಿ. ಆ ಗಿರಣಿಯ ಸದ್ದು ಯಾವುದೋ ಮದುವೆಯ ವಾಲಗದ ಜೊತೆ ಟೇಪಿಗೆ ಹೋಗಿ ಬಹಳ ಕಾಲವಾಗಿತ್ತು. ಗೋಡೆಗೆ ಕೈ ಇಟ್ಟು ನೋಡದಿದ್ದರೆ ಗಿರಣಿ ಓಡುತ್ತಿದೆಯೋ ನಿಂತಿದೆಯೋ ತಿಳಿಯದು. ಊರಿನಲ್ಲೇ ನಿಶ್ಶಬ್ದವಾದ ಜಾಗ ಎಂದು ಜಿನದತ್ತರು ಅಲ್ಲಿ ತಮ್ಮ ಸೆಟ್ಟು ಇಟ್ಟಿದ್ದರು. ಹಲ್ಲು ಕೀಳುವಾಗ ಇಲ್ಲದ ನಡುಕ ತಟ್ಟೆಯ ಮೇಲೆ ಮುಳ್ಳು ಇಳಿಸುವಾಗ ಅವರ ಕೈಗೆ ಬರುತ್ತಿತ್ತು. ಒಂದು ಭಾನುವಾರ ನನ್ನನ್ನು ಕರೆದು ಕೂರಿಸಿ ಬೇರೆಯವರ ನಾಲ್ಕು ತಟ್ಟೆ ಹಾಕಿದರು, ಆಮೇಲೆ ಗವಿರಂಗಯ್ಯನವರದೊಂದು ಹಾಕಿದರು.

"ನೋಡ್ರೀ ಭೂಷಣ, ನಿಮ್ಮ ಡಬ್ಬಿ ಪ್ಲೇಯರಿನಲ್ಲಿ ಇವರೆಲ್ಲ ಒಂದೇ ಥರ ಕೇಳಿಸ್ತಾರೆ. ಇಲ್ಲಿ ಹಾಕಿದ್ರೆ ಆ ನಾಲ್ಕು ಜನರಲ್ಲೂ ಎಲ್ಲೋ ಒಂದು ಕಡೆ ಟೊಳ್ಳು. ಸೆಟ್ಟು ಒಳ್ಳೇದಾದಷ್ಟೂ ಆ ಟೊಳ್ಳು ದೊಡ್ಡದಾಗುತ್ತೆ. ಇವರಲ್ಲಿ ಮಾತ್ರ ಹುಡುಕಿದ್ರೂ ಇಲ್ಲ. ಯಾಕೆ?"

ನನಗೆ ಉತ್ತರ ಗೊತ್ತಿತ್ತು. ಆ ಟೊಳ್ಳು ಅವರವರು ಮನೆಗೆ ವಾಪಸು ಒಯ್ದ ಪಾಲು. ಗವಿರಂಗಯ್ಯನವರು ಏನನ್ನೂ ವಾಪಸು ಒಯ್ದಿರಲಿಲ್ಲ. ಆದರೆ ಎದುರಿಗೆ ಕೂತವರು ದೊಡ್ಡ ಮನುಷ್ಯರು, ನನ್ನ ಕೆಲಸವನ್ನು ಹೊಗಳುತ್ತಿದ್ದರು, ನಾನು ಮೈಕಿನ ಮಾತಾಡಿ ಬಂದೆ. ಅವತ್ತಿನಿಂದ ಅವರ ಸ್ನೇಹಿತರು, ಸ್ನೇಹಿತರ ಸ್ನೇಹಿತರು ಎಂದು ಆ ಮಹಡಿಗೆ ಕೇಳುಗರು ಬರತೊಡಗಿದರು. ನನಗೆ ಸುಮ್ಮಸುಮ್ಮನೆ ಹೆಸರು ಬಂತು. ಹೆಸರು ಬಂದ ಮೇಲೆ ಕಿವಿ ಚುರುಕಾಗುತ್ತದೆ, ಆಸೆಯೂ ಚುರುಕಾಗುತ್ತದೆ. ಮುಂದೆ ನಡೆದದ್ದಕ್ಕೆ ಈ ಆಸೆಯೇ ಕಾರಣ.

ಗವಿರಂಗಯ್ಯನವರು ಟೇಪಿಗೆ ಕೊಡದ ಹಾಡು ಒಂದೇ ಒಂದಿತ್ತು. ಮದುವೆಯಾದ ಹೊಸದರಲ್ಲಿ ಕಟ್ಟಿದ್ದು. ಬಣ್ಣದ ಶೆಡ್ಡಿನಿಂದ ಮನೆಗೆ ಬರುವಾಗ ಬೀದಿಯ ತಿರುವಿನಿಂದಲೇ ಶುರುಮಾಡುತ್ತಿದ್ದರು. "ದೀಪ ಹಚ್ಚಬ್ಯಾಡ, ಎಣ್ಣೆ ಉಳಿಸಿಕೊಳ್ಳೆ, ದನಿಯ ಬೆಳಕಲ್ಲೆ ನಾ ಬರುತೀನಿ." ಮೂರು ಚರಣ. ಕೊನೆಯ "ನಾ ಬರುತೀನಿ" ಮುಗಿಯುವಷ್ಟರಲ್ಲಿ ಅವರ ಕಾಲು ಹೊಸ್ತಿಲಲ್ಲಿರಬೇಕು, ಅದು ಲೆಕ್ಕ. ಅದು ಮುಗಿಯುವುದಕ್ಕೂ ಒಂದು ಚೂರು ಮುಂಚೆ ಒಳಗಿನಿಂದ ದೇವೀರಮ್ಮ "ಬಂದ್ರಾ?" ಎನ್ನುತ್ತಿದ್ದರು. ಬೀದಿಯವರಿಗೆಲ್ಲ ಅದು ಸಂಜೆಯಾಯಿತು ಎಂಬುದರ ಗುರುತು.

ಮೂರು ವರ್ಷದ ಹಿಂದೆ ದೇವೀರಮ್ಮನಿಗೆ ಮರೆವು ಹತ್ತಿತು. ಮೊದಲು ಪಾತ್ರೆಗಳ ಹೆಸರು ಹೋಯಿತು, ಆಮೇಲೆ ಮನುಷ್ಯರದು, ಕಡೆಗೆ ಮಾತೇ ಹೋಯಿತು. ಟೇಪಿಗೆ ಸಿಕ್ಕದೆಯೂ ಮಾತು ಹೋಗುತ್ತದೆ ಎಂದು ನಾನು ಕಂಡದ್ದು ಆ ಮನೆಯಲ್ಲೇ. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಒಲೆ ಹಚ್ಚುತ್ತಿದ್ದರು, ಅನ್ನ ಮಾಡುತ್ತಿದ್ದರು, ಹಣೆಗೆ ಕುಂಕುಮ ನೆಟ್ಟಗೆ ಇಟ್ಟುಕೊಳ್ಳುತ್ತಿದ್ದರು. ಆಡುವ ಮಾತು ಒಂದೇ ಉಳಿದಿತ್ತು, "ಬಂದ್ರಾ?" ಅದೂ ಆ ಹಾಡು ಕೇಳಿದರೆ ಮಾತ್ರ. ಹಾಡು ಕೇಳಿ, ಆ ಮಾತು ಆಡಿ, ಬಾಗಿಲಿಗೆ ಬಂದು ಗಂಡನನ್ನು ನೋಡಿದರೆ ಗುರುತು ಹಿಡಿಯುತ್ತಿದ್ದರು. ಹಾಡಿಲ್ಲದೆ ಬಂದರೆ ಅವರ ಪಾಲಿಗೆ ಆತ ಯಾರೋ ಪರಗಂಡಸು. ಒಮ್ಮೆ ಶೀತವಾಗಿ ಗಂಟಲು ಕಟ್ಟಿದಾಗ ಗವಿರಂಗಯ್ಯನವರು ನಾಲ್ಕು ದಿನ ಜಗಲಿಯ ಮೇಲೆ ಮಲಗಿ, ಪಕ್ಕದ ಮನೆಯ ಹನುಮಕ್ಕ ಕೊಟ್ಟ ರೊಟ್ಟಿ ತಿಂದರು. ಒಳಗಿನಿಂದ ಅಗುಳಿ ಹಾಕಿತ್ತು.

ಕಳೆದ ವರ್ಷ ಅವರು ದವಡೆ ನೋವೆಂದು ಜಿನದತ್ತರ ಹತ್ತಿರ ಹೋದರು. ಜಿನದತ್ತರು ಬಾಯಿಗೆ ಬೆಳಕು ಬಿಟ್ಟು ನೋಡಿದರು. ಹಲ್ಲು ಚೆನ್ನಾಗಿತ್ತು. ಹಲ್ಲಿನ ಹಿಂದೆ, ಗಂಟಲಲ್ಲಿ ಇದ್ದದ್ದು ಚೆನ್ನಾಗಿರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯವರು ಒಂದು ತಿಂಗಳೊಳಗೆ ಧ್ವನಿಪೆಟ್ಟಿಗೆ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಗವಿರಂಗಯ್ಯನವರು ಆ ಕಾಗದ ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದರು.

"ಜೀವದ್ ಮನೆ ಹಾಳಾಗ್ಲಿ ಕಣ್ಲಾ," ಎಂದರು. "ದನಿ ಹೋದ್ರೆ ಅವ್ಳು ನನ್ನ ಮನೆ ಒಳಕ್ಕೆ ಬಿಟ್ಕಳಕಿಲ್ವಲ್ಲ! ಯಾರೋ ಮುದುಕ ಅಂತ ಬಾಗ್ಲು ಹಾಕ್ಕತಾಳೆ. ಮುಂದ್ಕೆ ಅವ್ಳಿಗೆ ಯಾರಿದ್ದಾರೆ?"

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಏನು ಮಾಡಬೇಕೆಂದು ಅವರೇ ಯೋಚಿಸಿಕೊಂಡು ಬಂದಿದ್ದರು. ಆ ಹಾಡನ್ನು ನಾನು ಹಿಡಿಯಬೇಕು. ಆಮೇಲೆ ದಿನಾ ಸಂಜೆ ತಟ್ಟೆ ಹಾಡಬೇಕು, ಇವರು ಹೊಸ್ತಿಲಿಗೆ ಬಂದು ನಿಲ್ಲಬೇಕು, ಅವರು "ಬಂದ್ರಾ?" ಎನ್ನಬೇಕು. ಹೇಗೂ ಹೋಗುವ ಧ್ವನಿ, ಟೇಪಿಗೆ ಕೊಟ್ಟರೆ ನಷ್ಟವೇನು? ನಾನೂ ಜಿನದತ್ತರೂ ಕೂತು ಎಷ್ಟು ತಿರುಗಿಸಿ ನೋಡಿದರೂ ಅದರಲ್ಲಿ ತಪ್ಪು ಕಾಣಿಸಲಿಲ್ಲ. ಒಂದೇ ಎಚ್ಚರ ಬೇಕಿತ್ತು. ಆ ಹಾಡು ಕೇಳಿದರೆ ದೇವೀರಮ್ಮ ಉತ್ತರ ಕೊಟ್ಟೇ ಕೊಡುತ್ತಾರೆ. ಆ ಮಾತು ಟೇಪಿಗೆ ಸಿಕ್ಕಿದರೆ ಮುಗಿಯಿತು, ಅವರ ಹತ್ತಿರ ಇನ್ನೊಂದು ಮಾತಿಲ್ಲ.

ಅವರನ್ನು ಬೇರೆ ಮನೆಗೆ ಕಳಿಸೋಣ ಎಂದೆ. ಗವಿರಂಗಯ್ಯನವರು ಒಪ್ಪಲಿಲ್ಲ. "ಬರುತೀನಿ ಅಂತ ಹಾಡೋನು ಖಾಲಿ ಮನೆಗೆ ಹಾಡ್ಲಾ? ಆಗಕಿಲ್ಲ. ಅವ್ಳು ಒಳಗಿರ್ಬೇಕು. ಬೆಲ್ಲ ಕೊಡಿ, ಕೂಸಿಗೆ ಕೊಟ್ಟಂಗೆ." ಹನುಮಕ್ಕ ಅಡುಗೆಮನೆಯಲ್ಲಿ ದೇವೀರಮ್ಮನ ಪಕ್ಕ ಕೂರುವುದು, ಕೊನೆಯ ಚರಣಕ್ಕೆ ಮುಂಚೆ ದೊಡ್ಡ ಬೆಲ್ಲದ ಉಂಡೆ ಬಾಯಿಗಿಡುವುದು ಎಂದು ತೀರ್ಮಾನವಾಯಿತು. ಮೂರು ಚರಣಕ್ಕೆ ಎಷ್ಟು ಹೊತ್ತು, ಉಂಡೆ ಕರಗುವುದಕ್ಕೆ ಎಷ್ಟು ಹೊತ್ತು ಎಂದು ನಾನೇ ಗಡಿಯಾರ ಹಿಡಿದು ನೋಡಿದೆ. ಧಾರಾಳವಾಗಿ ಸಾಕಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಹಿಡಿದೆವು. ಬೀದಿ ಖಾಲಿಯಾಗಿತ್ತು. ಆ ಮನೆಯಲ್ಲಿ ಸದ್ದು ಮಾಡುವ ಸಾಮಾನು ಯಾವುದೂ ಉಳಿದಿರಲಿಲ್ಲ. ಅವರು ಮಣೆಯ ಮೇಲೆ ಕೂತು, ಏಕತಾರಿಯ ಹೊಸ ತಂತಿಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ಅವರು ಹಾಡಿದ್ದನ್ನು ವರ್ಣಿಸುವುದಕ್ಕೆ ನಾನು ಹೋಗುವುದಿಲ್ಲ. ಗಂಟಲಿನಲ್ಲಿದ್ದ ಹುಣ್ಣು ಸಹ ಆ ಹಾಡಿನಲ್ಲಿದೆ. ಉಸಿರು ಎಳೆದುಕೊಳ್ಳುವಾಗ ನೋವಾಗುವುದು ಕೇಳಿಸುತ್ತದೆ, ನೋವಾದರೂ ಅವರು ಕಡಿಮೆ ಎಳೆದುಕೊಳ್ಳಲಿಲ್ಲ. ಎರಡು ಚರಣ ಮುಗಿದಾಗ ಹನುಮಕ್ಕ ಬೆಲ್ಲ ಇಟ್ಟದ್ದು ಅಡುಗೆಮನೆಯ ಬಾಗಿಲಿನಲ್ಲಿ ನನಗೆ ಕಾಣಿಸಿತು. ಮೂರನೆಯದು ಮುಗಿಯಿತು. ಇನ್ನು "ನಾ ಬರುತೀನಿ" ಎಂದು ನಿಲ್ಲಿಸಬೇಕು. ಅವರು ನಿಲ್ಲಿಸದೆ, ನಾಲ್ಕನೆಯ ಚರಣ ಎತ್ತಿಕೊಂಡರು.

ಅಂಥದೊಂದು ಚರಣ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲೇ ಕಟ್ಟಿದರೋ, ಐವತ್ತು ವರ್ಷ ಇಟ್ಟುಕೊಂಡಿದ್ದರೋ ತಿಳಿಯದು. ಬೀದಿ ಮುಗಿದರೂ ಹೆಜ್ಜೆ ಮುಗಿಯಲಿಲ್ಲ ಎಂದು ಶುರುವಾಗುತ್ತದೆ. ನಿಧಾನಕ್ಕೆ, ಇಡೀ ಬೀದಿಯನ್ನು ಮತ್ತೊಮ್ಮೆ ನಡೆದು ಬರುವವರ ಹಾಗೆ ಹಾಡಿದರು. ಹನುಮಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಪಕ್ಕದಲ್ಲಿ ಕೂತವರು ಅವಳಿಗೆ ಮರೆತೇಹೋಗಿದ್ದರು. ದೇವೀರಮ್ಮನ ದವಡೆ ಆಡುವುದು ನಿಂತಿತು. ಬೆಲ್ಲ ಕರಗಿತ್ತು. ಅವರು ತಲೆ ಎತ್ತಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ತುಟಿ ತೆರೆದರು.

ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಿದ್ದರೆ ಟೇಪು ಅಲ್ಲಿಗೇ ನಿಲ್ಲುತ್ತಿತ್ತು. ಹಾಡಿನ ಕೊನೆಯ ಎರಡು ಪದ ಸಿಕ್ಕುತ್ತಿರಲಿಲ್ಲ, ಆದರೆ ಆ ಮಾತು ಉಳಿಯುತ್ತಿತ್ತು. ಕೊನೆಯ ಸಾಲಿಲ್ಲದ ಹಾಡಿಗೆ ಅವರು ಓಗೊಡುತ್ತಿರಲಿಲ್ಲ, ಅದಕ್ಕೇ ಒತ್ತಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನೆಪ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಬೇರೆ. ಗಂಡಸಿನ ಧ್ವನಿ ಮೈಕಿನ ಎದುರಿಗಿದೆ, ಹೆಂಗಸಿನ ಧ್ವನಿ ಹಿಂದೆ, ಎಡಕ್ಕೆ, ಹದಿನೈದು ಅಡಿ ದೂರದ ಒಲೆಯ ಪಕ್ಕದಿಂದ ಬರುತ್ತದೆ. ಜಿನದತ್ತರ ಸೆಟ್ಟಿನಲ್ಲಿ ಅದು ಹೇಗೆ ಕೇಳಿಸಬಹುದು ಎಂದು ನನಗೆ ಆಗಲೇ ಕೇಳಿಸಿಬಿಟ್ಟಿತ್ತು. ನಲವತ್ತು ವರ್ಷದಲ್ಲಿ ಅಂಥದ್ದು ಸಿಕ್ಕಿರಲಿಲ್ಲ. ನಾನು ಬೆರಳು ತೆಗೆದೆ. "ನಾ ಬರುತೀನಿ" ಎಂಬುದರ ಬಾಲ ಹಿಡಿದುಕೊಂಡು "ಬಂದ್ರಾ?" ಬಂತು.

ಗವಿರಂಗಯ್ಯನವರು ಏಕತಾರಿ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಟೇಪಿನ ಕಡೆ ಬಗ್ಗಿ ಏನೋ ತಿರುಗಿಸುತ್ತಿದ್ದವನ ಹಾಗೆ ನಟಿಸಿದೆ.

ಆಪರೇಷನ್ನಿಗೆ ಹೋದವರು ನಲವತ್ತು ದಿನದ ಮೇಲೆ ವಾಪಸು ಬಂದರು. ಕುತ್ತಿಗೆಯ ತೂತಿಗೆ ಬಿಳಿಯ ಬಟ್ಟೆ, ಕೈಯಲ್ಲಿ ಸ್ಲೇಟು. ಅಷ್ಟು ದಿನ ದೇವೀರಮ್ಮನನ್ನು ನೋಡಿಕೊಂಡದ್ದು ಹನುಮಕ್ಕ. ತಟ್ಟೆ ಸಿದ್ಧವಾಗಿತ್ತು. ಜಿನದತ್ತರು ಅದನ್ನು ತಮ್ಮ ಮಹಡಿಯಲ್ಲಿ ಒಂದೇ ಸಲ ಹಾಕಿಕೊಂಡು ಕೇಳಿದರಂತೆ, ಕೇಳಿ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರಂತೆ. ಆಮೇಲೆ ನನಗೆ ಹೇಳಿದರು. "ಆಕೆ ಅಲ್ಲೇ ನಿಂತಿದ್ದಾರೆ ಕಣ್ರೀ. ಕೈ ಚಾಚಿದ್ರೆ ಸೆರಗು ಸಿಗುತ್ತೆ." ನನಗೆ ಹೆಮ್ಮೆಯಾಯಿತು. ನಾಚಿಕೆಯೂ ಆಯಿತು, ಆದರೆ ಮೊದಲು ಹೆಮ್ಮೆಯೇ ಆದದ್ದು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಮೊದಲ ಸಂಜೆ ನಾನು ನನ್ನ ಡಬ್ಬಿ ಪ್ಲೇಯರನ್ನೇ ಒಯ್ದೆ. ಗವಿರಂಗಯ್ಯನವರು ಬೀದಿಯ ತಿರುವಿನಲ್ಲಿ ನಿಂತರು, ನಾನು ನಡುಮನೆಯಲ್ಲಿ ತಟ್ಟೆ ಹಾಕಿದೆ. ದೇವೀರಮ್ಮ ಅಕ್ಕಿ ಆರಿಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. ಆ ಡಬ್ಬಿಯೊಳಗೆ ಅವರ ಗಂಡ ಇರಲಿಲ್ಲ. ಯಾವುದೋ ಹಾಡು ಇತ್ತು, ಅಷ್ಟೇ. ಗವಿರಂಗಯ್ಯನವರು ಹೊಸ್ತಿಲಿಗೆ ಬಂದು ನಿಂತಾಗ ಎದ್ದು ಬಂದು, ಮುಖದ ಮೇಲೇ ಬಾಗಿಲು ಹಾಕಿಕೊಂಡರು. ನಾನು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದೆ.

ಸುದ್ದಿ ಕೇಳಿ ಜಿನದತ್ತರು ತಮ್ಮ ಸೆಟ್ಟನ್ನು ಬಿಚ್ಚಿದರು. ಎತ್ತಿನ ಗಾಡಿಯಲ್ಲಿ ಹಾಸಿಗೆ ಹಾಸಿ, ಬಾಣಂತಿಯನ್ನು ಕರೆತರುವ ಹಾಗೆ ಅದನ್ನು ಸಾಗಿಸಿದೆವು. ಸ್ಪೀಕರ್ ಪೆಟ್ಟಿಗೆಗಳನ್ನು ನಡುಮನೆಯಲ್ಲಿ ಅವರೇ ಗೋಡೆಯಿಂದ ಅಳೆದು ನಿಲ್ಲಿಸಿದರು. ಮಾರನೆಯ ಸಂಜೆ ಆರು ಗಂಟೆಗೆ ಅವರೇ ಮುಳ್ಳು ಇಳಿಸಿದರು. ಗವಿರಂಗಯ್ಯನವರು ಹೊಸ ಪಂಚೆ ಉಟ್ಟು ತಿರುವಿನಲ್ಲಿ ನಿಂತಿದ್ದರು.

ಮೊದಲ ಸಾಲಿಗೇ ದೇವೀರಮ್ಮನ ಕೈಯಿಂದ ಮೊರ ಜಾರಿತು. ಅಷ್ಟೂ ದಿನ ಬಾಡಿಹೋಗಿದ್ದ ಮುಖ ಅರಳಿತು. ಎದ್ದು ತಲೆ ಸವರಿಕೊಂಡರು, ಸೆರಗು ಸರಿಮಾಡಿಕೊಂಡರು, ಊಟದ ತಟ್ಟೆಯಿಟ್ಟು ಲೋಟ ಇಟ್ಟರು. ಜಿನದತ್ತರು ಸಂತೋಷದಿಂದ ನನ್ನ ತೋಳು ಹಿಸುಕಿದರು. ನಾಲ್ಕನೆಯ ಚರಣ ಬಂತು. ಗವಿರಂಗಯ್ಯನವರು ಮೆಟ್ಟಿಲು ಹತ್ತಿ ಹೊಸ್ತಿಲ ಮೇಲೆ ಕಾಲಿಟ್ಟರು. ದೇವೀರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದರು. ಬಾಯಿಂದ ಗಾಳಿ ಬಂತು. ಮಾತು ಪೆಟ್ಟಿಗೆಯಿಂದ ಬಂತು. "ಬಂದ್ರಾ?"

ಡಬ್ಬಿ ಪ್ಲೇಯರಿನಲ್ಲಿ ಅದು ಕೇಳಿಸಿಯೂ ಇರಲಿಲ್ಲ, ಎಲ್ಲೋ ಒಂದು ಗೀರಿನ ಹಾಗಿತ್ತು. ಇಲ್ಲಿ ಒಬ್ಬ ಹೆಂಗಸು ನಡುಮನೆಯಲ್ಲಿ ನಿಂತು, ಮನೆಯೊಡತಿಯ ಧ್ವನಿಯಲ್ಲಿ, ಅವರ ಗಂಡನನ್ನು ಒಳಗೆ ಕರೆದಳು. ದೇವೀರಮ್ಮ ಬೆಚ್ಚಿದರು. ತಮ್ಮ ಬಾಯನ್ನು ಕೈಯಿಂದ ಮುಟ್ಟಿ ನೋಡಿಕೊಂಡರು. ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದರು, ಗೋಡೆಯ ಆಚೆ ನೋಡಿದರು. ಹೊಸ್ತಿಲಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಮುದುಕನ ಮೇಲೆ ಅವರ ಕಣ್ಣು ಒಮ್ಮೆ ಹಾದುಹೋಯಿತು, ನಿಲ್ಲಲಿಲ್ಲ. ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖಮಾಡಿ ಕೂತರು. ಜಿನದತ್ತರು, "ಏನಾಯ್ತು? ಏನಾಯ್ತು?" ಎಂದು ಕೇಳುತ್ತಲೇ ಇದ್ದರು. ಹನುಮಕ್ಕನೇ ಹೇಳಿದಳು, "ಇನ್ನೇನಾಗ್ಬೇಕು ಸ್ವಾಮಿ? ಗಂಡನ್ನ ಬ್ಯಾರೆ ಯಾವ್ಳೋ ಕರೀತಾವ್ಳೆ ಅನ್ಕಂಡವ್ಳೆ."

ಮರುದಿನ ನಾನು ಆ ಮಾತು ಬರುವುದಕ್ಕೆ ಮುಂಚೆ ಮುಳ್ಳು ಎತ್ತಿದೆ. ಅದು ಇನ್ನೂ ಕೆಟ್ಟದಾಯಿತು. ಎರಡೂ ಮಾತು ಒಂದರೊಳಗೊಂದು ಹೆಣೆದುಕೊಂಡಿದ್ದರಿಂದ "ನಾ ಬರುತೀನಿ" ಎಂಬುದೂ ಜೊತೆಗೇ ಹೋಗುತ್ತಿತ್ತು. ಬರುತ್ತಿದ್ದವನು ಬೀದಿಯಲ್ಲೇ ನಿಂತುಬಿಟ್ಟ ಹಾಗೆ. ದೇವೀರಮ್ಮ ಗವಿರಂಗಯ್ಯನವರನ್ನು ಪಕ್ಕಕ್ಕೆ ಸರಿಸಿ ಬಾಗಿಲಿಗೆ ಬಂದು, ಬೀದಿಯ ತಿರುವನ್ನೇ ನೋಡುತ್ತ ಕತ್ತಲಾಗುವವರೆಗೆ ನಿಂತರು. ಉಣ್ಣಲಿಲ್ಲ. ಮೂರು ದಿನ ಹೀಗಾದ ಮೇಲೆ ಗವಿರಂಗಯ್ಯನವರು ನನ್ನ ಕೈಹಿಡಿದು, ತಟ್ಟೆಯನ್ನು ಕೊನೆಯವರೆಗೂ ಓಡಲು ಬಿಡು ಎಂದು ಸನ್ನೆ ಮಾಡಿದರು. ಅವಳು ಬಾಗಿಲಲ್ಲಿ ಕಾಯುವುದಕ್ಕಿಂತ ಕೋಪದಲ್ಲಿ ಉಣ್ಣುವುದು ವಾಸಿ ಎಂದು ಅವರ ಲೆಕ್ಕವಿರಬೇಕು.

ಅವತ್ತು ತಟ್ಟೆ ಮುಗಿದ ಮೇಲೆ ಜಗಲಿಯಲ್ಲಿ ಕೂತು ಸ್ಲೇಟಿನ ಮೇಲೆ ಬರೆದು ನನ್ನ ಮುಂದೆ ಹಿಡಿದರು. "ಅವಳು ಬಾಯಿ ತೆರೆದದ್ದು ನಿನಗೆ ಕಾಣಿಸಿತ್ತಾ?"

ಇಲ್ಲ ಎನ್ನಬಹುದಾಗಿತ್ತು. ಸಾಕ್ಷಿಯಾಗಬಹುದಾಗಿದ್ದ ಹನುಮಕ್ಕ ಆಗ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಆದರೆ ನಲವತ್ತು ವರ್ಷ ಒಂದು ಚೂರನ್ನೂ ಹಿಡಿದಿಟ್ಟುಕೊಳ್ಳದೆ ನನ್ನ ಮುಂದೆ ಹಾಡಿದ ಮನುಷ್ಯ ಅವರು.

"ಕಾಣಿಸ್ತು ಯಜಮಾನ್ರೆ," ಎಂದೆ. "ಆಸೆ ಬಿತ್ತು. ತಪ್ಪಾಯ್ತು."

ಅವರು ಬಳಪ ಹಿಡಿದುಕೊಂಡೇ ಇದ್ದರು. ಬಯ್ಯುತ್ತಾರೆ ಎಂದು ಕಾದೆ, ಬೈದರೆ ಸಾಕು ಎನ್ನಿಸುತ್ತಿತ್ತು. ಅವರು ಸ್ಲೇಟನ್ನು ಪಂಚೆಯ ಅಂಚಿನಿಂದ ಒರೆಸಿ, ಏನೂ ಬರೆಯದೆ ಮಡಿಲಲ್ಲಿ ಇಟ್ಟುಕೊಂಡರು. ನಾಳೆಯೂ ಬರುತ್ತೇನೆ ಎಂದೆ. ಹೂಂ ಎನ್ನುವಂತೆ ತಲೆಯಾಡಿಸಿದರು. ಜಿನದತ್ತರಿಗೆ ದಿನಾ ಬರಲಾಗುತ್ತಿರಲಿಲ್ಲ, ನನ್ನನ್ನು ಬಿಟ್ಟರೆ ಮುಳ್ಳು ಇಳಿಸುವವರು ಬೇರೆ ಯಾರೂ ಇರಲಿಲ್ಲ.

ಆಮೇಲೆ ಒಂದು ಶುಕ್ರವಾರ ನಾನು ಎಂದಿನಂತೆ ತಟ್ಟೆ ಹಾಕಿದೆ. ದೇವೀರಮ್ಮ ಬೆಳಿಗ್ಗೆಯೇ ಎಣ್ಣೆನೀರು ಹಾಕಿಕೊಂಡು ತಲೆ ಹರಡಿಕೊಂಡಿದ್ದರು. ಹಾಡು ಶುರುವಾದಾಗ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಗವ್ವೆನ್ನುವ ಆ ಮನೆಯಲ್ಲಿ ನಾಲ್ಕೂ ಚರಣ ಮುಗಿದು, ಆ ಹೆಂಗಸು "ಬಂದ್ರಾ?" ಎಂದಳು. ಆಗ ಹೊರಗೆ ಬಂದರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಅರಿಶಿನ ಕುಂಕುಮ, ವೀಳ್ಯದೆಲೆ, ಎರಡು ಬಾಳೆಹಣ್ಣು, ಮಡಿಸಿದ ಒಂದು ರವಿಕೆ ಕಣ. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವುದು ಅವರ ಕೈಗೆ ಗೊತ್ತಿಲ್ಲ. ಎಡಗಡೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಅದರ ಕಪ್ಪು ಬಟ್ಟೆಗೆ ಮೊದಲು ಅರಿಶಿನ, ಆಮೇಲೆ ಕುಂಕುಮ ಹಚ್ಚಿದರು. ಕಣ, ಎಲೆ, ಹಣ್ಣು ಮುಂದಿಟ್ಟರು. ಮುಖದಲ್ಲಿ ಕೋಪವಿರಲಿಲ್ಲ. ಜಗಳ ಆಡಿ ಸೋತು, ಕೊನೆಗೆ ಒಪ್ಪಿ, ಗಂಡನನ್ನು ಇನ್ನೊಬ್ಬಳ ಕೈಗೆ ಒಪ್ಪಿಸಿ ಎದ್ದ ಹಾಗಿತ್ತು. ನಾನು ತಡೆಯಲಾರದೆ, "ಅಮ್ಮಾ, ಅದು ನೀವೇ. ನಿಮ್ದೇ ದನಿ" ಎಂದೆ. ನನ್ನನ್ನು ನೋಡಿ ಪಾಪ ಎನ್ನುವಂತೆ ಮುಗುಳ್ನಕ್ಕರು.

ಆಮೇಲೆ ಬಾಗಿಲ ಕಡೆ ತಿರುಗಿದರು. ಹೊಸ್ತಿಲಲ್ಲಿ ಗವಿರಂಗಯ್ಯನವರು ನಿಂತಿದ್ದರು. ಈ ಸಲ ದೇವೀರಮ್ಮ ಬಾಗಿಲು ಹಾಕಲಿಲ್ಲ. ದಿನಾ ಸಂಜೆ ಬಂದು ನಿಲ್ಲುವ ಈ ಮೂಕ ಮುದುಕ ಯಾರೋ, ಪಾಪ, ಕೆಟ್ಟವನಲ್ಲ ಎನ್ನಿಸಿರಬೇಕು. ಹತ್ತಿರ ಹೋಗಿ, ಬಲಗೈ ಬೆರಳುಗಳನ್ನು ಒಟ್ಟುಮಾಡಿ ಬಾಯಿಯ ಹತ್ತಿರ ಹಿಡಿದು, ಊಟವಾಯಿತಾ ಎಂದು ಸನ್ನೆಯಲ್ಲಿ ಕೇಳಿದರು, ದಾರಿಹೋಕರನ್ನು ಕೇಳುವ ಹಾಗೆ. ಅವರು ಆಯಿತು ಎಂದು ತಲೆಯಾಡಿಸಿದರು. ಅವರ ಊಟ ಆಗಿರಲಿಲ್ಲ.